ಎರಡು ದೇಶದ ಕೆಸರು

ಆಗಸ್ಟ್ 21, 2024, ಬುಧವಾರ

ಗುರುಮೂರ್ತಿ ಸರ್ ಎರಡು ನೋಟ್‌ಬುಕ್ ಕೊಟ್ಟಿದ್ದಾರೆ. ಒಂದು ಗದ್ದೆಯ ವಿವರ ಬರೆಯಲು. ಇನ್ನೊಂದು, ಮೊದಲನೆಯದು ಕೆಸರಿಗೆ ಬಿದ್ದರೆ ಇರಲಿ ಎಂದು. ಅದು ಬೀಳುವ ತನಕ ಇದು ನನ್ನದು.

ಕೆಲಸವೆಂದರೆ ಕೂತಿರುವುದು. ಹಂಪಸಾಗರದ ಹಿನ್ನೀರಿನ ಕಡೆ ಗುರುಸಂಗಪ್ಪ ಗೌಡರ ನೆಲ್ಲಿನ ಗದ್ದೆ ಇದೆ. ಅದರಲ್ಲಿ ಎರಡು ಮಡಿಗಳನ್ನು ಸರ್ ಅವರ ಸಂಶೋಧನಾ ಕೇಂದ್ರ ಹಿಡಿದುಕೊಂಡಿದೆ. ಕೆಳಗಿನ ಮಡಿಯಲ್ಲಿ ನಾಟಿಯಿಂದ ಕೊಯ್ಲಿನವರೆಗೆ ನೀರು ನಿಂತೇ ಇರುತ್ತದೆ. ಮೇಲಿನ ಮಡಿ ದಿಬ್ಬದ ಮೇಲಿದೆ. ಅದಕ್ಕೆ ನೀರು ಕಟ್ಟಿ, ಒಣಗಲು ಬಿಟ್ಟು, ಮತ್ತೆ ಕಟ್ಟುತ್ತಾರೆ. ಪೈರಿನ ಮೇಲೆ ಗಾಜಿನಂಥ ಪ್ಲಾಸ್ಟಿಕ್ ಡಬ್ಬಿ ಮುಚ್ಚಿ, ಹತ್ತು ಹತ್ತು ನಿಮಿಷಕ್ಕೊಮ್ಮೆ ಅರ್ಧ ಗಂಟೆಯವರೆಗೆ ಒಳಗಿನ ಗಾಳಿಯನ್ನು ಸಿರಿಂಜಿನಿಂದ ಎಳೆದು ಪುಟ್ಟ ಶೀಶೆಗಳಿಗೆ ತುಂಬಬೇಕು. ಅದರಲ್ಲಿ ಮೀಥೇನ್ ಎಷ್ಟಿದೆ ಎಂದು ಕೇಂದ್ರದ ಯಂತ್ರ ಹೇಳುತ್ತದೆ. ಈ ಮೀಥೇನ್ ಭೂಮಿಯ ಬಿಸಿಯನ್ನು ಹೊರಗೆ ಹೋಗಲು ಬಿಡುವುದಿಲ್ಲವಂತೆ. ವಿಯೆಟ್ನಾಂ ದೇಶದಲ್ಲೂ ಇಂಥವೇ ಎರಡು ಮಡಿ, ಇಂಥವೇ ಡಬ್ಬಿ. ಎರಡು ದೇಶದ ನೆಲ್ಲು ಎಷ್ಟೆಷ್ಟು ಬಿಡುತ್ತದೆ ಎಂದು ಎರಡು ವರ್ಷದಿಂದ ಹೋಲಿಸುತ್ತಿದ್ದಾರೆ. ಇಷ್ಟು ದಿನ ಓಬಳೇಶಣ್ಣ ಈ ಕೆಲಸದಲ್ಲಿದ್ದ. ಬೇರೆ ಕಡೆ ಕಾಯಂ ಆಗಿ ಹೋದ.

ಅರ್ಧ ಗಂಟೆ ಒಂದೇ ಕಡೆ ಕೂರುವುದು ನನ್ನಿಂದ ಆಗದ ಮಾತು. ಒಂದೂವರೆ ವರ್ಷದಲ್ಲಿ ಕೊಟ್ಟೂರಿನ ಸೀರೆ ಅಂಗಡಿ, ಹಗರಿಬೊಮ್ಮನಹಳ್ಳಿಯ ಪೆಟ್ರೋಲ್ ಬಂಕ್, ಓಬಮ್ಮನ ಹೊಲಿಗೆ ಮಷಿನ್ ಮೂರನ್ನೂ ಬಿಟ್ಟವಳು ನಾನು. ಗಣೇಶ ಚೌತಿಯವರೆಗೆ ನೋಡುತ್ತೇನೆ.

ಆಗಸ್ಟ್ 28

ಬೇಸರ. ಮಡಿಯೊಳಗೆ ಮೊಬೈಲ್ ಸಿಗ್ನಲ್ ಒಂದು ಗೆರೆಯೂ ಇಲ್ಲ, ದಿಬ್ಬದ ಬದುವಿನ ಮೇಲೆ ಮಾತ್ರ ಸಿಗುತ್ತದೆ. ಕೂರಲು ಹಾಕಿದ ಹಲಗೆಯಿಂದ ಇಳಿದು ಡಬ್ಬಿಯ ಸುತ್ತ ಕೆಸರಲ್ಲಿ ಅಡ್ಡಾಡಿದೆ. ಗೌಡರು ಬದುವಿನ ಮೇಲಿಂದ, “ಏನವ್ವಾ ಪುಷ್ಪಿ, ಡಬ್ಬಿಗಿ ಪ್ರದಕ್ಷಿಣಿ ಹಾಕಾಕತ್ತೀಯೇನ? ಹನ್ನೊಂದು ಸುತ್ತು ಹಾಕು, ಲಗ್ನ ಕೂಡಿ ಬರತೈತಿ” ಎಂದರು.

“ಹಂಗಾರ ಇಲ್ಲಿಗೇ ನಿಂದರಸ್ತೀನ್ರಿ ಗೌಡ್ರ” ಎಂದೆ.

ಚೌತಿಯವರೆಗೂ ಇರಲಾರೆ.

ಸೆಪ್ಟೆಂಬರ್ 11

ಇವತ್ತು ಉದ್ದ ಬರೆಯಬೇಕು.

ಸರ್ ಯಂತ್ರದ ಅಂಕಿಗಳ ಹಾಳೆ ಹಿಡಿದು ಬಂದರು. ಹರಪನಹಳ್ಳಿ ಕಡೆಯವರು, ಮೆತ್ತಗೆ ಮಾತಾಡುತ್ತಾರೆ. “ಪುಷ್ಪಲತಾ, ಈ ಮೂರು ವಾರ ಹಂಪಸಾಗರದ ಅಂಕಿ ಮುಗಿಲಿಗೆ ಏರೇತಲ್ಲಮ್ಮ. ಹಲಗೆ ಮೇಲೇ ಕುಂತಿದ್ದೇನು?”

“ಇಲ್ರಿ. ಇಳಿದು ಅಡ್ಡಾಡೀನಿ.”

“ಮೂರು ವಾರಾನೂ?”

“ಮೂರು ವಾರಾನೂ ರೀ.”

ಸರ್ ನನ್ನ ಮುಖ ನೋಡಿದರು. “ಕುಂತಿದ್ದೆ ಅಂತ ಒಂದು ಮಾತು ಅಂದಿದ್ರೆ ನಂಬಿಬಿಡ್ತಿದ್ದೆ. ಯಂತ್ರ ಕೆಟ್ಟೇತಿ ಅಂತ ಅದನ್ನ ಬಿಚ್ಕೊಂಡು ಕುಂದ್ರುತಿದ್ದೆ” ಎಂದು ನಕ್ಕು, ಮೂರು ವಾರದ ಸಾಲುಗಳ ಮೇಲೆ ಗೀಟು ಎಳೆದರು. ಆಮೇಲೆ, “ಬಾ, ನಿನ್ನ ಕಾಲು ಏನು ಮಾಡೇತಿ ತೋರಿಸ್ತೀನಿ” ಎಂದರು.

ಒಂದು ಬಾಟಲಿಗೆ ನೀರು ತುಂಬಿ, ಬಾಯಿಗೆ ಆಲಿಕೆ ಸಿಕ್ಕಿಸಿ, ಗದ್ದೆಯ ಅಂಚಿನ ನೀರಿನಲ್ಲಿ ತಲೆಕೆಳಗಾಗಿ ಹಿಡಿದರು. ನಾನು ಪಕ್ಕದಲ್ಲಿ ಕೆಸರು ತುಳಿದೆ. ಬುಳು ಬುಳು ಗುಳ್ಳೆಗಳು ಎದ್ದು ಆಲಿಕೆಯೊಳಗೆ ಹೊಕ್ಕವು. ತುಳಿಯುತ್ತ ಹೋದಂತೆ ಬಾಟಲಿಯ ನೀರು ಕೆಳಗಿಳಿಯಿತು. ಅರ್ಧ ಬಾಟಲಿ ಗಾಳಿ ಸೇರಿದ ಮೇಲೆ ನೀರಿನೊಳಗೇ ಮುಚ್ಚಳ ತಿರುಗಿಸಿದರು. ನೋಡಿದರೆ ಏನೂ ಇಲ್ಲ, ಖಾಲಿ. ಮೋಟರ್ ಮನೆಗೆ ಹೋಗಿ ಬಾಗಿಲು ಎಳೆದುಕೊಂಡು, ಮುಚ್ಚಳ ತೆಗೆದು ಕಡ್ಡಿ ಗೀರಿ ಬಾಯಿಗೆ ಹಿಡಿದರು.

ಭುಸ್ ಎಂದಿತು. ನೀಲಿ ಉರಿ. ಬಾಟಲಿಯ ಬಾಯಲ್ಲಿ ಒಂದು ಕ್ಷಣ ನಿಂತು, ಒಳಗೆ ಇಳಿದು, ಆರಿತು.

ನನ್ನ ಕೈಮೇಲಿನ ಕೂದಲು ನಿಂತವು. ಹುಟ್ಟಿದಾಗಿನಿಂದ ತುಳಿದ ಕೆಸರು ಇದು. ಇದರೊಳಗೆ ಇಂಥ ಉರಿ ಇತ್ತೇ?

ಗಾಳಿ ಸೇರದ ಕತ್ತಲಲ್ಲಿ ಬದುಕುವ, ಕಣ್ಣಿಗೆ ಕಾಣದ ಜೀವಿಗಳು ಇದನ್ನು ಮಾಡುತ್ತವಂತೆ. ಭೂಮಿಯ ಗಾಳಿಯಲ್ಲಿ ಆಮ್ಲಜನಕವೇ ಇಲ್ಲದಿದ್ದ ಕಾಲದಿಂದಲೂ ಇವೆಯಂತೆ. ಆಮ್ಲಜನಕ ಬಂದ ಮೇಲೆ ಅವು ಸಾಯಲಿಲ್ಲ; ಕೆಸರಿಗೆ ಇಳಿದು ಕೂತವು. ನೆಲ್ಲಿನ ಕಡ್ಡಿ ಒಳಗೆ ಟೊಳ್ಳು. ಆ ಟೊಳ್ಳಿನಿಂದ ಅವುಗಳ ಉಸಿರು ಮೇಲೆ ಬರುತ್ತದೆ. ನಾನು ತುಳಿದರೆ ಒಂದೇ ಸಲ ನುಗ್ಗಿ ಬರುತ್ತದೆ.

ಹತ್ತನೇ ಕ್ಲಾಸಿನಲ್ಲಿ ವಿಜ್ಞಾನದ ರೆಕಾರ್ಡ್ ಬರೆಯಬೇಕಿತ್ತು. ‘ನೀಲಿ ಜ್ವಾಲೆ ಕಂಡುಬಂದಿತು’ ಎಂದು ಎಲ್ಲರೂ ಒಬ್ಬರದನ್ನು ನೋಡಿ ಒಬ್ಬರು ಬರೆದರು. ಪ್ರಯೋಗವನ್ನು ಯಾರೂ ಮಾಡಿರಲಿಲ್ಲ. ನಾನು ‘ಕಂಡಿಲ್ಲ’ ಎಂದು ಬರೆದೆ. ಮೇಡಂ ಇನ್ನೊಮ್ಮೆ ಬರಿ ಎಂದರು. ಇನ್ನೊಮ್ಮೆಯೂ ಹಾಗೇ ಬರೆದೆ. ಮೂರನೆಯ ಸಲ ಬರೆಯಲು ನಾನು ಶಾಲೆಗೆ ಹೋಗಲಿಲ್ಲ.

ಇವತ್ತು ಕಂಡೆ.

ಸೆಪ್ಟೆಂಬರ್ 25

ಹಲಗೆಯ ಮೇಲೇ ಕೂತೆ. ಡಬ್ಬಿಯ ಒಳಗೋಡೆಯ ಮೇಲೆ ಹನಿಗಳು ಕಟ್ಟಿ, ಒಂದನ್ನೊಂದು ಸೇರಿ ಇಳಿಯುತ್ತವೆ. ಒಂದು ಜೇಡ ಎರಡು ಎಲೆಗಳ ನಡುವೆ ದಾರ ಎಳೆಯುತ್ತಿತ್ತು. ಮೂರನೆಯ ದಾರ ಮುಗಿಯುವುದರಲ್ಲಿ ಮೂವತ್ತು ನಿಮಿಷ ಆಗಿತ್ತು.

ವಿಯೆಟ್ನಾಮಿನಲ್ಲಿ ಡಬ್ಬಿ ನೋಡುವವಳ ಹೆಸರು ಥಾವ್. ಇಪ್ಪತ್ತನಾಲ್ಕು ವರ್ಷ. ಸರ್ ಅವಳ ನಂಬರ್ ಕೊಟ್ಟರು. ಅವಳು ತನ್ನ ಭಾಷೆಯಲ್ಲಿ ಬರೆದದ್ದನ್ನು ಮೊಬೈಲು ಕನ್ನಡ ಮಾಡುತ್ತದೆ. ಇವತ್ತು ಬಂದದ್ದು: “ನಿಮ್ಮ ಪೆಟ್ಟಿಗೆಗಳಿಗೆ ಶುಭೋದಯ. ನಮ್ಮ ಭತ್ತ ನಿನ್ನೆಯಿಂದ ಗರ್ಭಿಣಿ.”

ಅಜ್ಜಿಗೆ ಓದಿ ಹೇಳಿದೆ. ತಿಪ್ಪೇರುದ್ರಮ್ಮಜ್ಜಿ ನಗಲಿಲ್ಲ. “ನಮ್ಮದೂ ಹೊಡಿ ತುಂಬೈತಿ ಅಂತ ಹೇಳು. ಬಸುರಿದ್ದಾಗ ನೀರು ಕಮ್ಮಿ ಮಾಡಬ್ಯಾಡ ಅಂತ ಹೇಳು ಆ ಹುಡುಗಿಗಿ.” ಹೇಳಿದೆ. ಥಾವ್ ಉತ್ತರ: “ನನ್ನ ಅಜ್ಜಿಯೂ ಅದನ್ನೇ ಕೂಗುತ್ತಾಳೆ.”

ನಮ್ಮ ಒಂಬತ್ತು ಗಂಟೆ ಅವಳ ಹತ್ತೂವರೆ. ನಾನು ಸಿರಿಂಜ್ ಎಳೆಯುವಾಗ ಅವಳು ಆಗಲೇ ಶೀಶೆಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿರುತ್ತಾಳೆ.

ಅಕ್ಟೋಬರ್ 16

ಸರ್ ಲ್ಯಾಪ್‌ಟಾಪಿನಲ್ಲಿ ಎರಡು ಗೆರೆ ತೋರಿಸಿದರು. ಅರವತ್ತು ವರ್ಷಗಳಲ್ಲಿ ಎರಡು ದೇಶಗಳ ನೆಲ್ಲಿನ ಗದ್ದೆಗಳಿಂದ ಎದ್ದ ಮೀಥೇನಿನ ಅಂದಾಜು. ನಮ್ಮದು ಎತ್ತರದಲ್ಲಿ, ಹೆಚ್ಚು ಕಡಿಮೆ ಮಟ್ಟಸವಾಗಿ ಹೋಗುತ್ತದೆ. ಅವರದು ತೀರಾ ಕೆಳಗಿನಿಂದ ಹೊರಟು ಏರುತ್ತ ಬಂದಿದೆ. ನಮ್ಮಲ್ಲಿ ನೆಲ್ಲಿನ ನೆಲವೇ ಅವರಿಗಿಂತ ಐದಾರು ಪಟ್ಟು ದೊಡ್ಡದು. ಎಕರೆಗೆ ಇಷ್ಟೆಂದು ಹಂಚಿ ನೋಡಿದರೆ ಮಾತ್ರ ಅವರದೇ ಮೇಲೆ. ವರ್ಷಕ್ಕೆ ಎರಡು ಬೆಳೆ, ಮೂರು ಬೆಳೆ, ನೀರು ಇಳಿಯುವುದೇ ಇಲ್ಲ.

ಗೆರೆಯ ಮೇಲೆ ಬೆರಳಿಟ್ಟು ಹಿಂದಕ್ಕೆ ಹೋದೆ. ಇಲ್ಲಿ ಅಪ್ಪ ಹುಟ್ಟಿದ. ಇಲ್ಲಿ ಅಜ್ಜಿ ಗೌಡರ ಹೊಲಕ್ಕೆ ನಾಟಿ ಮಾಡಲು ಹೋಗುತ್ತಿದ್ದಳು. ಅವಳು ಇಟ್ಟ ಒಂದೊಂದು ಸಸಿಯ ಟೊಳ್ಳಿನಿಂದಲೂ ಎದ್ದದ್ದು ಈ ಗೆರೆಯಲ್ಲಿ ಸೇರಿದೆ. ಯಾರಿಗೂ ಗೊತ್ತಿರಲಿಲ್ಲ. ಗಾಳಿಗೆ ಗೊತ್ತಿತ್ತು.

ಮನೆಗೆ ಬಂದು ಅಜ್ಜಿಗೆ ಹೇಳಿದರೆ, “ಭೂಮ್ತಾಯಿ ಉಸಿರಾಡತಾಳ ಅಂತ ನಾವಂದ್ರ ನಗತಿದ್ರಿ. ಈಗ ಡಬ್ಬಿ ಮುಚ್ಚಿ ಅಳತಿ ಮಾಡಾಕತ್ತೀರೇನ” ಎಂದಳು.

ನವೆಂಬರ್ 6

ಮೇಲಿನ ಮಡಿ ಒಣಗಿದೆ. ತೂತು ಕೊರೆದ ಪೈಪನ್ನು ಮಣ್ಣಿನಲ್ಲಿ ಹುಗಿದಿದ್ದಾರೆ. ಅದರಲ್ಲಿ ಇಣುಕಿ ನೀರು ಒಂದು ಗೇಣು ಕೆಳಗೆ ಇಳಿಯುವ ತನಕ ಕಾಯಬೇಕು. ನೆಲ ಸೀಳಿದರೆ ಗಾಳಿ ಒಳಗೆ ಹೋಗುತ್ತದೆ, ಕತ್ತಲ ಜೀವಿಗಳು ತಣ್ಣಗಾಗುತ್ತವೆ, ಮೀಥೇನ್ ಇಳಿಯುತ್ತದೆ. ಥಾವ್‌ಳ ಒಣ ಮಡಿಯಲ್ಲಿ ಸುಮಾರು ಅರ್ಧಕ್ಕೆ ಇಳಿದಿದೆ.

ಗೌಡರಿಗೆ ಜೀವ ನಿಲ್ಲುವುದಿಲ್ಲ. “ನೆಲ್ಲು ಅಂದ್ರ ನೀರಾಗ ನಿಂದರಬೇಕವ್ವ. ಬಾಯಾರಿ ಸಾಯಾಕತ್ತೈತಿ ನೋಡು.”

“ಇನ್ನೂ ನಾಕ್ ಬೆರಳು ಇಳಿಬೇಕ್ರಿ.”

“ನಿನ್ನ ಬೆರಳೇನ್ ನನ್ನ ಬೆರಳೇನ್?”

ಕೊನೆಗೆ ಅವರ ಬೆರಳಿನಿಂದಲೇ ಅಳೆದೆವು. ನಾಲ್ಕೂವರೆ ಇತ್ತು.

ಜನವರಿ 3, 2025

ಕೊಯ್ಲು ಮುಗಿದು ಶೀಶೆಗಳೆಲ್ಲ ಕೇಂದ್ರಕ್ಕೆ ಹೋಗಿವೆ. ಸಂಕ್ರಾಂತಿ ಆದ ಮೇಲೆ ಎರಡನೇ ಬೆಳೆಯ ನಾಟಿ.

ಅಪ್ಪ, ನಮ್ಮನೆಯ ಹಿರಿಮಗ ಕನಕರಾಜಣ್ಣ ಕೂಡ್ಲಿಗಿ ಕಡೆಯ ಗುಡ್ಡಗಳಿಂದ ಕುರಿ ಹೊಡೆದುಕೊಂಡು ಬಂದು ವಾರವಾಯಿತು. ಕೊಯ್ದ ಹೊಲಗಳಲ್ಲಿ ತರುಬುತ್ತಿದ್ದಾರೆ, ಅಂದರೆ ಸುತ್ತ ಬಲೆ ಕಟ್ಟಿ ಕುರಿಯನ್ನು ರಾತ್ರಿ ಅಲ್ಲೇ ಮಲಗಿಸುವುದು. ಬೆಳಿಗ್ಗೆ ರೊಟ್ಟಿ ಕೊಡಲು ಹೋಗಿದ್ದೆ. ಗೌಡರ ಮೇಲಿನ ಮಡಿಯಲ್ಲಿದ್ದರು. ನಿನ್ನೆ ಹುಟ್ಟಿದ ಮರಿ ನನ್ನ ಚಪ್ಪಲಿ ನೆಕ್ಕಿತು. ಅಪ್ಪ ಸೊರಗಿದ್ದಾನೆ.

ಜನವರಿ 8

ಹೊಸ ಬೆಳೆಯ ಫಾರಂ ತುಂಬಿದೆ. ಬೀಜ, ಯೂರಿಯಾ, ಹುಲ್ಲು ಸುಟ್ಟಿದ್ದೀರಾ, ನೀರು ಯಾವಾಗ. ‘ಸಾವಯವ ಗೊಬ್ಬರ: ಟ್ರಾಕ್ಟರ್ ಎಷ್ಟು?’

“ಒಂದೂ ಹೊಡಿಸಿಲ್ಲವ್ವ” ಎಂದರು ಗೌಡರು. ಓಬಳೇಶಣ್ಣನ ಹಳೆಯ ಫಾರಂಗಳಲ್ಲೂ ಸೊನ್ನೆ ಇತ್ತು. ಸೊನ್ನೆ ಬರೆದು ಸಹಿ ಮಾಡಿದೆ. ನನ್ನ ಸಹಿ ಇರುವ ಮೊದಲ ಕಾಗದ.

ಫೆಬ್ರವರಿ 26

ಐದು ಬೆಳೆಗಳ ಫಲಿತಾಂಶ ಬಂತು. ಸರ್ ನೆಲದ ಮೇಲೆ ಹಾಳೆ ಹರಡಿದರು. ಥಾವ್‌ಳ ಒಣ ಮಡಿ ಐದು ಸಲವೂ ಇಳಿದಿದೆ. ನಮ್ಮದು ಇಳಿದಿಲ್ಲ. ಎರಡು ಸಲವಂತೂ ನೀರು ನಿಂತ ಮಡಿಗಿಂತ ಮೇಲೆ. ನಾಲ್ಕನೆಯ ಬೆಳೆಯಲ್ಲಿ ಮಾತ್ರ ಅರ್ಧಕ್ಕೆ ಬಿದ್ದಿದೆ. ಅದರ ಪಕ್ಕ ಸರ್ ತಪ್ಪು ಗುರುತು ಹಾಕಿದ್ದಾರೆ. ಆಗ ಶೀಶೆಗಳು ಸೋರಿರಬೇಕು ಎನ್ನುತ್ತಾರೆ.

“ನಮ್ಮ ಮಣ್ಣಿಗೆ ಈ ವಿಧಾನ ಒಗ್ಗಲ್ಲ ಅಂತ ಬರೀಬೇಕಮ್ಮ. ಮಾರ್ಚ್ ಕೊನಿಗೆ ವರದಿ. ಏಪ್ರಿಲ್‌ನಾಗೆ ನಾನು ವಿಯೆಟ್ನಾಮಿಗೇ ಹೋಗಿ ಅದನ್ನ ಓದಬೇಕು.”

“ಬರದ್ರ ಏನಾಗತೈತ್ರಿ?”

“ಈ ಹೊಳೆ ಸಾಲಿನ ರೈತರಿಗೆ ನೀರು ಇಳಿಸ್ರಿ ಅಂತ ಮುಂದೆ ಯಾರೂ ಹೇಳಲ್ಲ.”

ಗೌಡರಿಗೆ ಸಂತೋಷವಾದೀತು. ನನಗೆ ಆಗಲಿಲ್ಲ. ಮಣ್ಣನ್ನು ಬೈದಂತೆ ಅನಿಸಿತು.

ಮಾರ್ಚ್ 5

ಇದನ್ನು ಬರೆಯಲು ಕೈ ಬರುತ್ತಿಲ್ಲ.

ಮೇಲಿನ ಮಡಿಯಲ್ಲಿ ಡಬ್ಬಿ ಮುಚ್ಚಿ ಕೂತಿದ್ದೆ. ಇಪ್ಪತ್ತನೆಯ ನಿಮಿಷಕ್ಕೆ ಗುಳ್ಳೆ ಎದ್ದಿತು. ನಾನು ಅಲುಗಿರಲಿಲ್ಲ. ಗುಳ್ಳೆಯ ಜೊತೆ ಒಂದು ಕಪ್ಪು ಕಾಳು ಮೇಲೆ ಬಂದು ತೇಲಿತು. ಇನ್ನೊಂದು ಬಂತು. ಕೈಗೆ ತೆಗೆದುಕೊಂಡೆ. ಕುರಿ ಹಿಕ್ಕೆ.

ಜನವರಿ 3ರ ಪುಟ ಇದೇ ಪುಸ್ತಕದಲ್ಲಿದೆ. ಜನವರಿ 8ರ ಪುಟವೂ ಇದೆ. ನಡುವೆ ಐದು ದಿನ. ಇನ್ನೂರು ಕುರಿ ಮಲಗಿ ಎದ್ದ ಮಡಿಗೆ ನಾನು ಸೊನ್ನೆ ಬರೆದಿದ್ದೇನೆ.

ಗೌಡರು ಸುಳ್ಳು ಹೇಳಲಿಲ್ಲ. ಟ್ರಾಕ್ಟರ್ ಬಂದಿರಲಿಲ್ಲ. ಗೊಬ್ಬರ ಹೊಡೆಸುವುದೇ ಬೇರೆ, ಕುರಿ ತರುಬುವುದೇ ಬೇರೆ ಎಂದು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕುರಿ ತಮ್ಮ ಕಾಲ ಮೇಲೆ ಬರುತ್ತವೆ, ಹೋಗುತ್ತವೆ. ಕುರಿಗೆ ತೇವದ ನೆಲ ಆಗುವುದಿಲ್ಲ, ಗೊರಸು ಕೊಳೆಯುತ್ತದೆ. ಹಾಗಾಗಿ ಅಪ್ಪ ಯಾವಾಗಲೂ ದಿಬ್ಬದ ಮಡಿಯನ್ನೇ ಆರಿಸುತ್ತಾನೆ. ಒಣ ಮಡಿಯನ್ನೇ. ಕೆಳಗಿನದರಲ್ಲಿ ಒಂದು ರಾತ್ರಿಯೂ ಇಲ್ಲ.

ಕತ್ತಲ ಜೀವಿಗಳಿಗೆ ನಾವೇ ಮೇವು ಹಾಕಿ, ಇಳಿಯಲಿಲ್ಲವೆಂದು ಮಣ್ಣನ್ನು ಬೈಯುತ್ತಿದ್ದೇವೆ. ನಮ್ಮ ಒಣ ಮಡಿಯ ಅಂಕಿ ಇಳಿಯದಿದ್ದರಲ್ಲಿ ನಮ್ಮ ಮನೆಯ ಕುರಿ ಇವೆ.

ಶೀಶೆ ತುಂಬುವುದನ್ನು ನಿಲ್ಲಿಸಲಿಲ್ಲ. ಮೂವತ್ತನೆಯ ನಿಮಿಷದ್ದನ್ನೂ ತುಂಬಿದೆ.

ಮಾರ್ಚ್ 6

ಮನೆಯಲ್ಲಿ ಹೇಳಿದೆ. ಕನಕರಾಜಣ್ಣ ರೊಟ್ಟಿ ಕೆಳಗಿಟ್ಟ.

“ಈಗ ನಿನ್ನ ಡಬ್ಬಿಗಿ ನಮ್ಮ ಕುರಿ ಅಡ್ಡ ಬಂದ್ವೇನಲೇ?”

“ಕುರಿ ಇದ್ವು ಅಂತ ಹೇಳ್ತೀನಿ ಅಷ್ಟ ಅಣ್ಣ.”

“ಹೊಳಿ ದಂಡಿಗೆಲ್ಲಾ ಕಬ್ಬು ಹಚ್ಯಾರ. ನೆಲ್ಲಿನವರು ಕೊಯ್ದ ಹತ್ತು ದಿನಕ್ಕ ಟ್ರಾಕ್ಟರ್ ಬಿಡ್ತಾರ. ಕುರಿ ತರುಬ್ರಿ ಅನ್ನೋರು ಉಳಿದಿರೋದು ನಾಕ್ ಮಂದಿ. ಅದರಾಗ ದೊಡ್ಡ ಹೊಲ ಗೌಡ್ರದು. ಕುರಿಯಿಂದ ಭೂಮಿ ಸುಡತೈತಿ ಅಂತ ನಿಮ್ಮ ಸರ್ ಬರದ್ರ ನಾಳಿ ಯಾರ್ ಕರೀತಾರ? ಡಬ್ಬಿಯೊಳಗ ಮಲಗಿಸ್ತೀಯೇನ್ ಕುರೀನ?”

ಅಪ್ಪ ಕೈ ತೊಳೆದು ಟವಲ್ ಕೊಡವಿದ.

“ನಿನ್ನ ಯಾರರ ಕೇಳ್ಯಾರೇನಬೇ?”

“ಇಲ್ಲಪ್ಪ.”

“ಕೇಳಿದ್ರ ಸುಳ್ಳು ಹೇಳಬ್ಯಾಡ. ಕೇಳಲಾರದ್ದಕ್ಕ ಹೋಗಬ್ಯಾಡ.”

ಅಪ್ಪ ಇಷ್ಟು ಉದ್ದದ ಮಾತು ಆಡಿದ್ದು ಎಷ್ಟು ದಿನದ ಮೇಲೋ.

ಮಾರ್ಚ್ 9

ಇನ್ನೂ ಹೇಳಿಲ್ಲ.

ಫಾರಂ ಕೇಳಿತ್ತು. ತಪ್ಪಾಗಿ ಕೇಳಿತ್ತು, ಆದರೆ ಕೇಳಿತ್ತು. ಸಹಿ ನನ್ನದು.

ಮಾರ್ಚ್ 12

ಹೇಳಿದೆ.

ಸರ್ ಮೋಟರ್ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಹಿಕ್ಕೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿದ್ದೆ, ಬಿಚ್ಚಿ ಮುಂದಿಟ್ಟೆ. ಯಾವ ಮಡಿ, ಯಾರ ಕುರಿ, ಯಾವಾಗಿನಿಂದ ಎಲ್ಲ ಹೇಳಿದೆ. ಅವರು ಒಂದು ಕಾಳನ್ನು ಬೆರಳಲ್ಲಿ ಒಡೆದು ನೋಡಿದರು.

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ರಿ. ಗೊತ್ತೈತಿ ಅನ್ನೋದು ಗೊತ್ತಿರಲಿಲ್ಲ.”

“ಎರಡೂವರೆ ವರ್ಷ ಕಣಮ್ಮ” ಎಂದರು. ಜೋರಾಗಿ ಅಲ್ಲ. ಲ್ಯಾಪ್‌ಟಾಪ್ ಮಡಚಿ, ಗೌಡರು ತರಿಸಿದ ಚಹಾ ಕುಡಿಯದೆ ಬೈಕ್ ಹತ್ತಿದರು.

ಗೌಡರು ನನ್ನ ಮೇಲೆ ಹರಿಹಾಯ್ದರು. “ಯಾರರ ಕೇಳಿದ್ರೇನ್ ನಿನ್ನ? ಮೂರು ತಲಿಯಿಂದ ನಿಮ್ಮ ಕುರಿ ನಮ್ಮ ಹೊಲದಾಗ ಮಲಗ್ಯಾವ. ಈಗ ನಾ ತಪ್ಪು ಮಾಡಿದಂಗಾತು. ನಿಮ್ಮಪ್ಪಗ ಹೇಳು, ಈ ಸಲ ಬರಬ್ಯಾಡ ಅಂತ.”

ಇದನ್ನು ಅಪ್ಪನಿಗೆ ನಾನೇ ಹೇಳಬೇಕು. ಹೇಳಿದೆ. ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಯ ಕಡೆ ಹೋದ. ಕನಕರಾಜಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಮಾರ್ಚ್ 19

ಸರ್ ಬರಲಿಲ್ಲ, ಫೋನೂ ಇಲ್ಲ. ಡಬ್ಬಿ ತೆಗೆಯಿರಿ ಎಂದು ಯಾರೂ ಹೇಳದ ಕಾರಣ ಒಂಬತ್ತಕ್ಕೆ ಹೋಗಿ ಕೂತೆ. ಎರಡೂ ಮಡಿಯ ಶೀಶೆ ತುಂಬಿದೆ. ತೆನೆ ಬಾಗುವುದಕ್ಕೆ ಮೊದಲು ಹೂವು ಅರಳುತ್ತದೆ, ಬೆಳಗಿನ ಒಂದೆರಡು ಗಂಟೆ ಮಾತ್ರ. ಸಿಪ್ಪೆ ಬಾಯಿ ಬಿಟ್ಟು ಬಿಳಿ ಎಳೆಗಳು ಹೊರಗೆ ಇಣುಕಿ, ಮತ್ತೆ ಮುಚ್ಚಿಕೊಳ್ಳುತ್ತವೆ. ಒಂದು ತೆನೆಯಲ್ಲಿ ಅರಳಿದ್ದು ಅರವತ್ತೊಂದು.

ಮಾರ್ಚ್ 23, ಭಾನುವಾರ

ಎಲ್ಲವನ್ನೂ ಇದ್ದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಸರ್ ನೇರವಾಗಿ ನಮ್ಮ ಮನೆಗೆ ಬಂದರು. ಅಪ್ಪ ಊರಾಚೆ ಬೀಳು ಹೊಲದಲ್ಲಿ ಕುರಿಯ ಜೊತೆ ಇದ್ದ. ನಡೆದೇ ಹೋದೆವು. ಅಪ್ಪ ಅವರನ್ನು ನೋಡಿ ಎದ್ದು, ಕಂಬಳಿ ಹಾಸಿ, “ಕುಂದರ್ರಿ” ಎಂದ. ಬೈಸಿಕೊಳ್ಳಲು ತಯಾರಾಗಿದ್ದ.

“ಯರ್ರೆಪ್ಪನವರೇ, ಒಂದು ಕೇಳಬೇಕಿತ್ತು. ಗೌಡ್ರ ಮಡಿಯಾಗೆ ಯಾವ್ಯಾವಾಗ, ಎಷ್ಟೆಷ್ಟು ಕುರಿ, ಎಷ್ಟು ರಾತ್ರಿ ಅಂತ ನೆನಪೇತಾ? ಅಂದಾಜು ಹೇಳಿದ್ರೂ ನಡೀತೇತಿ.”

ಅಪ್ಪ ನನ್ನ ಕಡೆ ನೋಡಿದ. “ಅಂದಾಜು ಯಾಕ್ರಿ?” ಎಂದ. ಆಮೇಲೆ ಮುಗಿಲು ನೋಡುತ್ತ ಹೇಳತೊಡಗಿದ.

“ಡಬ್ಬಿ ತಂದಿಟ್ಟ ವರ್ಷ ನಾಗರ ಅಮಾಸಿ ಆದ ಮೂರನೇ ದಿನಕ್ಕ ಬಂದ್ವಿ. ಏಳು ರಾತ್ರಿ. ಇನ್ನೂರಾ ಹತ್ತು ಕುರಿ. ಅವತ್ತ ಬಲಿ ಹರಿದಿತ್ತು, ಎರಡು ಕಡೀ ಹಗ್ಗ ಕಟ್ಟಿದ್ದೆ. ಆ ಚಳಿಗಾಲ ಒಂಬತ್ತು ರಾತ್ರಿ, ಇನ್ನೂರಾ ಮೂವತ್ತಾರು. ಕಡೀ ರಾತ್ರಿ ಕರಿಕಿವಿ ಕುರಿ ಅವಳಿ ಹಾಕ್ತು, ಮೂವತ್ತೆಂಟು ಅನ್ರಿ. ಅದರ ಮುಂದಿನ ಮುಂಗಾರಿಗಿ ಐದು ರಾತ್ರಿ. ಆರನೇದಕ್ಕ ಮಳಿ ಬಂತು, ಎದ್ದ್ವಿ.”

ಸರ್ ಬರೆಯುತ್ತಲೇ ಇದ್ದರು. “ಅದರ ಮುಂದಿನ ಚಳಿಗಾಲ?”

“ಇಲ್ರಿ.”

“ಒಂದು ರಾತ್ರಿನೂ ಇಲ್ವಾ?”

“ನೀಲಿ ನಾಲಿಗಿ ರೋಗ ಬಿತ್ತು. ಅರವತ್ತೆರಡು ಸತ್ವು. ಉಳಿದವನ್ನ ಇಟ್ಟಿಗಿ ಊರಿನ ಕಡಿ ಒಂದು ಬೀಳಿನಾಗ ಬ್ಯಾರೆ ಇಟ್ಟಿದ್ವಿ. ಗೌಡ್ರ ಹೊಲಕ್ಕ ಕಾಲಿಡಲಿಲ್ಲ.”

ಸರ್ ಅವರ ಪೆನ್ನು ನಿಂತಿತು. ಚೀಲದಿಂದ ಹಳೆಯ ಹಾಳೆ ತೆಗೆದು ಕಂಬಳಿಯ ಮೇಲೆ ಹರಡಿದರು. ಗಾಳಿಗೆ ಹಾರದಂತೆ ನಾನು ಎರಡು ಮೂಲೆಗೆ ಕಲ್ಲಿಟ್ಟೆ. ನಾಲ್ಕನೆಯ ಬೆಳೆ. ಅರ್ಧಕ್ಕೆ ಬಿದ್ದ, ಪಕ್ಕದಲ್ಲಿ ತಪ್ಪು ಗುರುತು ಹಾಕಿದ ಚುಕ್ಕೆ. ಆ ವರ್ಷ ಶೀಶೆ ಸೋರಿರಲಿಲ್ಲ. ಆ ವರ್ಷ ನಮ್ಮ ಮಣ್ಣು ಥಾವ್‌ಳ ಮಣ್ಣಿನಂತೆಯೇ ಇಳಿದಿತ್ತು.

ಒಂಬತ್ತು ರಾತ್ರಿಯ ವರ್ಷ ಎಲ್ಲಕ್ಕಿಂತ ಎತ್ತರ. ಏಳರದ್ದು ಅದಕ್ಕಿಂತ ಕೆಳಗೆ. ಕಳೆದ ಮುಂಗಾರಿನದು, ಅಪ್ಪ ಹೇಳಿದಂತೆ, ಎಂಟು ರಾತ್ರಿ, ನೂರಾ ತೊಂಬತ್ತು ಕುರಿ. ಅದು ಏಳರದ್ದಕ್ಕೆ ಹತ್ತಿರ ಹತ್ತಿರ. ಐದು ರಾತ್ರಿಯದು ಇರಬೇಕಾದ್ದಕ್ಕಿಂತ ಸ್ವಲ್ಪ ತಗ್ಗು. ಅದು ಯಾಕೆಂದು ಗೊತ್ತಾಗಲಿಲ್ಲ. ಅಪ್ಪನಿಗೆ ಓದಲು ಬರುವುದಿಲ್ಲ. ಆ ಗೆರೆಯನ್ನು ಅವನು ಹಿಂದೆ ನೋಡಿಯೂ ಇಲ್ಲ. ಮುಗಿಲು ನೋಡಿಕೊಂಡು ಅದನ್ನೇ ಹೇಳಿದ್ದ.

ಸರ್ ತಪ್ಪು ಗುರುತನ್ನು ಹೊಡೆದು ಹಾಕಿದರು. ಅವರ ಕಣ್ಣು ಸಂತೋಷಕ್ಕೋ ಬಿಸಿಲಿಗೋ ಗೊತ್ತಿಲ್ಲ, ನೋಡಿದ್ದನ್ನಷ್ಟೇ ಬರೆಯುತ್ತೇನೆ: ಒದ್ದೆಯಾಗಿತ್ತು.

“ಕುರಿ ಬ್ಯಾಡ ಅಂತೀರೇನ್ರಿ?” ಎಂದ ಅಪ್ಪ.

“ನೀರು ಕಟ್ಟೋ ಹತ್ತು ದಿನ ಮೊದಲು ಮಲಗಿಸಿದ್ರೆ ಹಿಕ್ಕೆ ಎಲ್ಲಾ ಕೆಸರಿನಾಗೆ ಕೊಳೀತೇತಿ. ಇನ್ನೂ ಮೊದಲೇ ಮಲಗಿಸಿ, ಹಿಕ್ಕೆ ಮಣ್ಣಿಗೆ ಸೇರಂಗೆ ಹರಗಿ, ಒಣ ನೆಲದಾಗೆ ಬಿಟ್ರೆ ಗಾಳಿಯಾಗೆ ಕೊಳೀತೇತಿ. ಆಗ ಇಷ್ಟು ಏಳಂಗಿಲ್ಲ ಅಂತ ಕಾಣ್ತೇತಿ.”

“ನಮ್ಮಜ್ಜ ಹಂಗ ಮಾಡತಿದ್ದನಂತ. ತರುಬಿ, ಹರಗಿ, ನಲವತ್ತು ದಿನ ಹೊಲಾನ ಮುಟ್ಟುತಿದ್ದಿಲ್ಲ. ಆವಾಗ ಒಂದ ಬೆಳಿ ರೀ. ಈಗ ಯಾರು ಬಿಡ್ತಾರ?”

ನಮ್ಮ ಮಣ್ಣಿಗೆ ಈ ವಿಧಾನ ಒಗ್ಗುವುದಿಲ್ಲ ಎಂಬ ವಾಕ್ಯ ವರದಿಯಲ್ಲಿ ಇರುವುದಿಲ್ಲ. ಅದರ ಬದಲು ಬೇರೆ ವಾಕ್ಯವೂ ಇಲ್ಲ. ಅಪ್ಪ ಹೇಳಿದ್ದು ನೆನಪು, ಅಳತೆಯಲ್ಲ. ಹೊಸದಾಗಿ ಎರಡು ವರ್ಷ ಅಳೆಯಬೇಕು ಎಂದರು ಸರ್. ಏಪ್ರಿಲ್‌ನಲ್ಲಿ ಅವರು ವಿಯೆಟ್ನಾಮಿಗೆ ಹೋಗುತ್ತಿಲ್ಲ. ನನ್ನಿಂದ ತಪ್ಪಿತು. ಕ್ಷಮಿಸ್ರಿ ಎಂದೆ.

“ಹೋಗಿ ಸುಳ್ಳು ಓದಿ ಬರ್ತಿದ್ದೆ ಪುಷ್ಪಲತಾ” ಎಂದರು. ಅಪ್ಪ ಹಾಲು ಕಾಸಿ ಕೊಟ್ಟ. ಕುಡಿದರು.

ಏಪ್ರಿಲ್ 16

ಗೌಡರ ಜೊತೆ ಮೂರು ಸಲ ಮಾತಾಯಿತು. ಕೊನೆಗೆ, “ಎರಡು ಮಡಿ ಅಷ್ಟ ನೋಡ್ರಿ. ಕುರಿ ಮಲಗಿ ಎದ್ದ ಮ್ಯಾಲ ಒಂದು ತಿಂಗಳು ಖಾಲಿ ಬಿಡ್ತೀನಿ. ಕುರಿ ಬರಲಾರದ ನನ್ನ ಹೊಲಾನೂ ಭಣಭಣ ಅಂತೈತಿ” ಎಂದರು. ಮುಂಗಾರಿನ ನಾಟಿ ಹೇಗೂ ಆಗಸ್ಟಿನಲ್ಲಿ.

ಕನಕರಾಜಣ್ಣ ಇವತ್ತು ಮಾತಾಡಿಸಿದ. “ಏ ಸೈಂಟಿಸ್ಟು, ನೀರು ತೊಗೊಂಬಾ” ಎಂದ. ತಂದುಕೊಟ್ಟೆ.

ಮೇ 14

ಕೊಯ್ಲಾಗಿ ಎಂಟು ದಿನ. ಎರಡೂ ಮಡಿ ಒಣಗಿ ಗಟ್ಟಿಯಾಗಿವೆ. ಅಪ್ಪ ಕೆಳಗಿನ ಮಡಿಯಲ್ಲೂ ಬಲೆ ಕಟ್ಟಿದ. ಎರಡರಲ್ಲೂ ಮೂರು ಮೂರು ರಾತ್ರಿ.

ಹೊಸ ಫಾರಂ ಬಂದಿದೆ, ಎರಡು ದೇಶಕ್ಕೂ ಒಂದೇ. ಒಂದು ಸಾಲು ಹೆಚ್ಚಾಗಿದೆ: ‘ಹೊಲದಲ್ಲಿ ಉಳಿದ ಪ್ರಾಣಿ: ಯಾವುದು, ಎಷ್ಟು, ಎಷ್ಟು ರಾತ್ರಿ?’ ನಾನು ಬರೆದೆ: ಕುರಿ, ಇನ್ನೂರಾ ನಾಲ್ಕು, ಮೂರು ರಾತ್ರಿ. ಫೋಟೋ ತೆಗೆದು ಥಾವ್‌ಗೆ ಕಳಿಸಿದೆ.

ಅವಳದು ಸ್ವಲ್ಪ ಹೊತ್ತಿಗೆ ಬಂತು. ಮೊದಲು ಚಿತ್ರ: ಕೊಯ್ದ ಗದ್ದೆಯ ತುಂಬ ಬಾತುಗಳು, ಹಿಂದೆ ಉದ್ದ ಕೋಲು ಹಿಡಿದ ಒಬ್ಬ ಮನುಷ್ಯ. ಆಮೇಲೆ ಮಾತು: “ಇವರು ಬಾತುಗಳನ್ನು ಹೊಲದಿಂದ ಹೊಲಕ್ಕೆ ನಡೆಸುತ್ತಾರೆ. ಪ್ರತಿ ಕೊಯ್ಲಿನ ನಂತರ ನನ್ನ ಎರಡೂ ಮಡಿಗಳಲ್ಲಿ ಇರುತ್ತವೆ. ನಾನು ಇದನ್ನು ಎಂದೂ ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಬಾತು, ಎಂಟುನೂರು, ನಾಲ್ಕು ರಾತ್ರಿ.”

ಅಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿಲಿಗೆ ಬೆನ್ನು ಮಾಡಿ, ಆ ಮನುಷ್ಯನನ್ನು ನೋಡಿದ. ಅವನ ಕೋಲು ನೋಡಿದ. ಬಾತುಗಳು ನಿಂತ ರೀತಿ ನೋಡಿದ.

“ಎಷ್ಟಂತ?”

“ಎಂಟುನೂರಂತ ಅಪ್ಪ.”

“ಎಂಟುನೂರು ಅಂದ್ರ ಅಂದಾಜಿಂದು. ಕಾಯಾಂವನ್ನ ಕೇಳು ಅನ್ನು.”

ಬರೆದು ಕಳಿಸಿದೆ. ಮೊಬೈಲು ಅದನ್ನು ಅವಳ ಭಾಷೆಗೆ ಹೇಗೆ ತಿರುಗಿಸಿತೋ. ಅಪ್ಪನೂ ನಾನೂ ಬದುವಿನ ಮೇಲೆ ಕೂತೆವು. ಒಂದು ಗಂಟೆಯ ಮೇಲೆ ಉತ್ತರ ಬಂತು.

“ಅವನು ನಗುತ್ತಿದ್ದಾನೆ. ಏಳುನೂರಾ ಎಂಬತ್ತಮೂರು. ಒಂದು ಕುಂಟುತ್ತದೆ.”

“ಹಾಂ” ಎಂದ ಅಪ್ಪ. “ಅದನ್ನ ಬರಿ.”

ಬರೆದೆ.